ಆಗಂತುಕನೂ ಆಗಂತುವ್ಯಾಧಿಯೂ: ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಸೀಮೆಗಳಲ್ಲಿ ಸಾಂಕ್ರಾಮಿಕಕಾಲದ ಪ್ರವೇಶನಿಯಮಗಳು

ಸಂಸ್ಕೃತದಲ್ಲಿ 'ಆಗಂತು' ಎಂಬ ಶಬ್ದವು ಹೊರಗಿನಿಂದ ಬಂದ ಮನುಷ್ಯನಿಗೂ ಹೊರಗಿನ ಕಾರಣದಿಂದ ಉಂಟಾದ ರೋಗಕ್ಕೂ ಸಮಾನವಾಗಿ ಸಲ್ಲುತ್ತದೆ. ವೈದ್ಯಶಾಸ್ತ್ರಕಾರರು ರೋಗಗಳನ್ನು ನಿಜ, ಆಗಂತು ಎಂದು ವಿಭಾಗಿಸಿದರು. ಲೋಕವ್ಯವಹಾರದಲ್ಲಿ ಮನೆಬಾಗಿಲಿಗೆ ಬಂದ ಅಪರಿಚಿತನು ಆಗಂತುಕನೆನಿಸಿದನು. ಒಂದೇ ಧಾತುವಿನಿಂದ ಹುಟ್ಟಿದ ಈ ಎರಡು ಪದಗಳಲ್ಲಿ ಎರಡನೆಯದಕ್ಕೆ ಅರ್ಘ್ಯಪಾದ್ಯಗಳೂ ಮೊದಲನೆಯದಕ್ಕೆ ನಿವಾರಣೋಪಾಯಗಳೂ ವಿಹಿತವಾಗಿವೆ. ಆದರೆ ಎರಡೂ ಒಂದೇ ದೇಹದಲ್ಲಿ, ಒಂದೇ ಹಡಗಿನಲ್ಲಿ, ಒಂದೇ ವಿಮಾನದಲ್ಲಿ ಬಂದರೆ ಮಾಡತಕ್ಕುದೇನು? ಸಾಂಕ್ರಾಮಿಕಕಾಲದ ಪ್ರವೇಶನಿಯಮಗಳ ಚರಿತ್ರೆಯೆಲ್ಲವೂ ಈ ಒಂದು ಪ್ರಶ್ನೆಗೆ ದೊರೆತ ಬೇರೆ ಬೇರೆ ಉತ್ತರಗಳ ಚರಿತ್ರೆಯೇ ಆಗಿದೆ.

ಚರಕಸಂಹಿತೆಯ ವಿಮಾನಸ್ಥಾನದ ಮೂರನೆಯ ಅಧ್ಯಾಯಕ್ಕೆ ಜನಪದೋದ್ಧ್ವಂಸವೇ ವಿಷಯ. ಪ್ರಕೃತಿ, ಆಹಾರ, ಬಲ, ವಯಸ್ಸುಗಳಲ್ಲಿ ಭಿನ್ನರಾದ ಜನರು ಏಕಕಾಲದಲ್ಲಿ ಒಂದೇ ವ್ಯಾಧಿಯಿಂದ ನಾಶವಾಗುವುದು ಹೇಗೆಂದು ಅಗ್ನಿವೇಶನು ಕೇಳಲು, ವಾಯು, ಉದಕ, ದೇಶ, ಕಾಲಗಳೆಂಬ ನಾಲ್ಕೂ ಎಲ್ಲರಿಗೂ ಸಾಧಾರಣವಾಗಿರುವುದರಿಂದ ಅವುಗಳ ವಿಕೃತಿಯೇ ಕಾರಣವೆಂದು ಪುನರ್ವಸು ಆತ್ರೇಯನು ಉತ್ತರವೀಯುತ್ತಾನೆ. ಸುಶ್ರುತನು ನಿದಾನಸ್ಥಾನದಲ್ಲಿ ಮತ್ತೊಂದು ಹೆಜ್ಜೆ ಮುಂದೆ ಹೋಗಿ, ಗಾತ್ರಸಂಸ್ಪರ್ಶ, ನಿಃಶ್ವಾಸ, ಸಹಭೋಜನ, ಸಹಶಯ್ಯೆ, ವಸ್ತ್ರಮಾಲ್ಯಾದಿಗಳಿಂದ ಕೆಲವು ರೋಗಗಳು ನರನಿಂದ ನರನಿಗೆ ಸಂಕ್ರಮಿಸುತ್ತವೆಂದು ಹೇಳಿದ್ದಾನೆ. ಹೀಗೆ ದೇಶದೋಷದಿಂದ ರೋಗವೆಂಬುದು ಒಂದು ಮತ, ಮನುಷ್ಯಸಂಸರ್ಗದಿಂದ ರೋಗವೆಂಬುದು ಇನ್ನೊಂದು. ಮೊದಲನೆಯದನ್ನು ಒಪ್ಪಿದವನು ದೇಶವನ್ನು ಬಿಟ್ಟು ಹೋಗುವನು; ಎರಡನೆಯದನ್ನು ಒಪ್ಪಿದವನು ಬರುವವನನ್ನು ತಡೆಯುವನು.

ತಡೆಯುವ ಉಪಕರಣವೂ ಪ್ರಾಚೀನವೇ. ಮೈಸೂರಿನ ಪ್ರಾಚ್ಯಕೋಶಾಗಾರದಲ್ಲಿ ದೊರೆತು ಆರ್. ಶಾಮಶಾಸ್ತ್ರಿಗಳಿಂದ 1909ರಲ್ಲಿ ಮುದ್ರಿತವಾದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಮುದ್ರಾಧ್ಯಕ್ಷನೆಂಬ ಅಧಿಕಾರಿಯು ಕಾಣಬರುತ್ತಾನೆ. ಒಂದು ಮಾಷಕವನ್ನು ಪಡೆದು ಮುದ್ರೆಯನ್ನು ಕೊಡುವುದು ಅವನ ಕೆಲಸ. ಮುದ್ರೆಯುಳ್ಳವನಿಗೆ ಮಾತ್ರ ಜನಪದದೊಳಕ್ಕೆ ಬರಲೂ ಹೊರಕ್ಕೆ ಹೋಗಲೂ ಅಧಿಕಾರ. ಮುದ್ರೆಯಿಲ್ಲದ ಜಾನಪದನಿಗೆ ಹನ್ನೆರಡು ಪಣ ದಂಡ. ಆ ಮುದ್ರೆಯು ಆರೋಗ್ಯಕ್ಕಾಗಿ ಏರ್ಪಟ್ಟುದಲ್ಲವೆಂಬುದನ್ನು ಮರೆಯಬಾರದು. ಗೂಢಚಾರರ ಭಯವೂ ರಾಜ್ಯರಕ್ಷಣೆಯೂ ಅಲ್ಲಿಯ ಪ್ರಯೋಜನ. ಮುದ್ರೆಯು ರೋಗಪ್ರತಿಬಂಧಕ್ಕೆ ಸಾಧನವಾದುದು ಬಹುಕಾಲದ ಮೇಲೆ, ಬೇರೊಂದು ದೇಶದಲ್ಲಿ.

ಆಡ್ರಿಯಾಟಿಕ್ ಸಮುದ್ರತೀರದ ರಗೂಸಾ ನಗರವು 1377ರಲ್ಲಿ, ಮಹಾಮಾರಿಯಿದ್ದ ಸ್ಥಳಗಳಿಂದ ಬಂದವರು ಮೂವತ್ತು ದಿನ ನಗರದ ಹೊರಗೆ ಕಳೆದ ಹೊರತು ಒಳಗೆ ಬರಕೂಡದೆಂದು ವಿಧಿಸಿತು. ಆ ಅವಧಿಯು ಮುಂದೆ ನಾಲ್ವತ್ತು ದಿನಕ್ಕೆ ಬೆಳೆದು, ಇಟಲಿಯ ಭಾಷೆಯ 'ನಾಲ್ವತ್ತು' ಎಂಬ ಸಂಖ್ಯಾಪದದಿಂದಲೇ ಕ್ವಾರಂಟೈನ್ ಎಂಬ ಹೆಸರು ಪ್ರಸಿದ್ಧವಾಯಿತು. ವೆನಿಸ್ ನಗರವು 1423ರಲ್ಲಿ ಒಂದು ದ್ವೀಪದಲ್ಲಿ ರೋಗಿಗಳಿಗಾಗಿ ಸ್ಥಿರವಾದ ಆಲಯವನ್ನು ಕಟ್ಟಿಸಿತು. ಇಲ್ಲಿಂದ ಮುಂದೆ ಪ್ರವೇಶನಿಯಮಕ್ಕೆ ಮೂರು ಅಂಗಗಳು ಸ್ಥಿರಪಟ್ಟವು: ಬಂದವನು ಎಲ್ಲಿಂದ, ಯಾವ ಸ್ಥಿತಿಯಲ್ಲಿ ಬಂದನೆಂದು ಹೇಳುವ ಮುದ್ರೆ, ಅವನು ಕಾಯಬೇಕಾದ ಅವಧಿ, ಕಾಯಬೇಕಾದ ಸ್ಥಾನ. ಈ ಮೂರರ ಹೆಚ್ಚು ಕಡಿಮೆಯಿಂದಲೇ ಒಂದೊಂದು ಕಾಲದ ನಿಯಮವು ಕಠಿನವೋ ಮೃದುವೋ ಆಗುತ್ತದೆ.

ಈ ದೃಷ್ಟಿಯಿಂದ ದಕ್ಷಿಣ ಕನ್ನಡದ ಮೂರು ಸೀಮೆಗಳು ವಿಚಾರಾರ್ಹವಾಗಿವೆ. ನೇತ್ರಾವತೀ ತೀರದ ಬಂಟ್ವಾಳವು ಮಂಗಳೂರಿನಿಂದ ಘಟ್ಟಕ್ಕೆ ಏರುವ ದಾರಿಯ ಪೇಟೆ; ಅದರ ತೆಂಕಣ ಅಂಚು ಕಾಸರಗೋಡಿಗೆ ತಾಗುತ್ತದೆ. ಬೆಳ್ತಂಗಡಿಯು ಚಾರ್ಮಾಡಿ ಘಟ್ಟದ ಬುಡ. ಧರ್ಮಸ್ಥಳದ ಯಾತ್ರಿಕರು ಘಟ್ಟದ ಮೇಲಿನಿಂದ ಅಲ್ಲಿಗೆ ಇಳಿದು ಬರುತ್ತಾರೆ. ಮೂಡುಬಿದಿರೆಯು ಧವಲಾದಿ ಸಿದ್ಧಾಂತಗ್ರಂಥಗಳ ತಾಳೆಯೋಲೆಗಳನ್ನು ಕಾಪಾಡಿದ ಜೈನಕ್ಷೇತ್ರ. ಸಾವಿರ ಕಂಬದ ಬಸದಿಯನ್ನು ನೋಡಲು ದೂರದೇಶಗಳವರೂ ಬರುತ್ತಾರೆ. ಮೂರೂ ಆಗಂತುಕರಿಂದಲೇ ಬೆಳೆದ ಊರುಗಳು. ಊರಿನ ಗಡಿಯಿಂದಾಚೆಗೆ ರೋಗವನ್ನು ಕಳುಹುವ ಕಲ್ಪನೆಯೂ ಇಲ್ಲಿಯ ಜನರಿಗೆ ಹೊಸತಲ್ಲ. ಆಟಿ ತಿಂಗಳಲ್ಲಿ ಮನೆಮನೆಗೆ ಬರುವ ಆಟಿಕಳೆಂಜನು ಮಾರಿಯನ್ನು ಕಳೆಯುವನೆಂಬ ನಂಬುಗೆಯು ತುಳುನಾಡಿನಲ್ಲಿ ಪ್ರಸಿದ್ಧವಾಗಿದೆ. ಆದರೆ ಅಲ್ಲಿ ಗಡಿ ದಾಟಿ ಹೋಗತಕ್ಕುದು ಮಾರಿ, ಮನುಷ್ಯನಲ್ಲ.

1896ರಲ್ಲಿ ಮುಂಬಯಿಯಲ್ಲಿ ಪ್ಲೇಗು ತಲೆದೋರಿದುದು ಈ ವಿಷಯದಲ್ಲಿ ಒಂದು ಪರ್ವಸಂಧಿ. ರಾಷ್ಟ್ರಗಳ ಆರೋಗ್ಯಸಮ್ಮೇಲನಗಳು 1851ರಲ್ಲಿ ಪ್ಯಾರಿಸ್ಸಿನಲ್ಲಿ ಆರಂಭವಾಗಿದ್ದರೂ ಅದುವರೆಗೆ ಅವುಗಳ ಚರ್ಚೆಯು ಬಹುಮಟ್ಟಿಗೆ ಕಾಲರಾವನ್ನು ಕುರಿತುದಾಗಿತ್ತು. 1897ರ ವೆನಿಸ್ ಸಮ್ಮೇಲನವು ಪ್ಲೇಗನ್ನೇ ವಿಷಯವಾಗಿ ಉಳ್ಳದ್ದು. ಅದೇ ವರ್ಷ ಹಿಂದೂದೇಶದಲ್ಲಿ ಸಾಂಕ್ರಾಮಿಕ ರೋಗಗಳ ಶಾಸನವು ಹುಟ್ಟಿ, ರೈಲಿನಲ್ಲಾಗಲಿ ಅನ್ಯಥಾ ಆಗಲಿ ಪ್ರಯಾಣ ಮಾಡುವವರನ್ನು ಪರೀಕ್ಷಿಸಿ ಪ್ರತ್ಯೇಕವಾಗಿಡುವ ಅಧಿಕಾರವನ್ನು ಸರಕಾರಕ್ಕೆ ಕೊಟ್ಟಿತು. 1898ರಲ್ಲಿ ಪ್ಲೇಗು ಬೆಂಗಳೂರಿಗೆ ಬಂದಿತು. ಆಗ ದಕ್ಷಿಣ ಕನ್ನಡವು ಸೇರಿದ್ದ ಮದ್ರಾಸ್ ಪ್ರಾಂತದಲ್ಲಿ, ರೋಗವಿದ್ದ ಸೀಮೆಗಳಿಂದ ಬಂದವರಿಗೆ ಪ್ಲೇಗ್ ಪಾಸ್‌ಪೋರ್ಟೆಂಬ ಚೀಟಿಯನ್ನು ಕೊಟ್ಟು, ತಲಪಿದ ಊರಿನಲ್ಲಿ ಹತ್ತು ದಿನಗಳವರೆಗೆ ಅಧಿಕಾರಿಗಳೆದುರಿಗೆ ಹಾಜರಾಗಬೇಕೆಂದು ವಿಧಿಸುವ ಪದ್ಧತಿಯುಂಟಾಯಿತು. ಇದರಲ್ಲಿ ಗಮನಿಸತಕ್ಕ ಅಂಶವೊಂದಿದೆ. ಪ್ರಯಾಣಿಕನು ಗಡಿಯಲ್ಲಿ ನಿಲ್ಲುವುದಿಲ್ಲ. ತನ್ನ ಮನೆಯನ್ನು ಸೇರುತ್ತಾನೆ. ಅವಧಿಯು ಅವನ ಬೆನ್ನ ಹಿಂದೆ ಬರುತ್ತದೆ. ಮುದ್ರೆ, ಅವಧಿಗಳೆರಡೂ ಉಳಿದು ಸ್ಥಾನವು ಸಡಿಲವಾದ ನಿಯಮವಿದು.

ಸ್ವಾತಂತ್ರ್ಯಾನಂತರ ಈ ನಿಯಮಗಳು ಸ್ಥಿರವಾದ ರೂಪವನ್ನು ತಾಳಿದವು. ವಿಶ್ವ ಆರೋಗ್ಯ ಸಂಸ್ಥೆಯು 1951ರಲ್ಲಿ ಹಳೆಯ ಒಪ್ಪಂದಗಳನ್ನು ಒಂದುಗೂಡಿಸಿತು. ಅದೇ ವರ್ಷದ ಡಿಸೆಂಬರಿನಲ್ಲಿ ಬಜಪೆಯ ವಿಮಾನನಿಲ್ದಾಣವು ತೆರೆಯಲ್ಪಟ್ಟಿತು. ವಿಮಾನಗಳಿಗೆ ಸಂಬಂಧಿಸಿದ ಭಾರತೀಯ ಆರೋಗ್ಯನಿಯಮಗಳು 1954ರಲ್ಲಿಯೂ ಬಂದರುಗಳಿಗೆ ಸಂಬಂಧಿಸಿದವು 1955ರಲ್ಲಿಯೂ ಏರ್ಪಟ್ಟವು. ಹಳದಿಜ್ವರವಿರುವ ದೇಶಗಳಿಂದ ಲಸಿಕೆಯ ಪತ್ರವಿಲ್ಲದೆ ಬರುವವರನ್ನು ಆರು ದಿನ ಪ್ರತ್ಯೇಕಿಸುವ ವಿಧಿಯು ಈ ಪರಂಪರೆಗೆ ಸೇರಿದುದು. ಆ ರೋಗವನ್ನು ಹರಡುವ ಜಾತಿಯ ಸೊಳ್ಳೆಯು ಭಾರತದಲ್ಲಿದೆ, ರೋಗವು ಮಾತ್ರ ಇಲ್ಲ. ಆದಕಾರಣ ಈ ಒಂದು ವಿಷಯದಲ್ಲಿ ಕಾಠಿನ್ಯವು ಸಹೇತುಕವಾಗಿದೆ. ಪಣಂಬೂರಿನ ನವಮಂಗಳೂರು ಬಂದರು 1974ರಲ್ಲಿ ಕಾರ್ಯಾರಂಭ ಮಾಡಿತು; 2006ರಲ್ಲಿ ಬಜಪೆಯಿಂದ ದುಬೈಗೆ ನೇರ ವಿಮಾನಸಂಚಾರವು ತೊಡಗಿತು. ಹೀಗೆ ಪರದೇಶದ ಬಾಗಿಲು ಈ ಮೂರು ಸೀಮೆಗಳಿಗೆ ಕೆಲವೇ ಹರಿದಾರಿಗಳ ದೂರಕ್ಕೆ ಬಂದಿತು.

2020ರಲ್ಲಿ ಆ ಬಾಗಿಲು ಮುಚ್ಚಿತು. ಜನವರಿ 30ರಂದು ವಿಶ್ವ ಆರೋಗ್ಯ ಸಂಸ್ಥೆಯು ಕೋವಿಡನ್ನು ಅಂತರರಾಷ್ಟ್ರೀಯ ಕಳವಳದ ತುರ್ತುಸ್ಥಿತಿಯೆಂದು ಸಾರಿತು. ಮಾರ್ಚ್ ಮೊದಲಲ್ಲಿ ನವಮಂಗಳೂರು ಬಂದರಿನಲ್ಲಿ ಪ್ರವಾಸಿಹಡಗುಗಳಿಗೆ ಪ್ರವೇಶವು ನಿಷಿದ್ಧವಾಯಿತು. ಆ ಹಡಗುಗಳ ಪ್ರಯಾಣಿಕರನ್ನು ಮೂಡುಬಿದಿರೆಯ ಬಸದಿಗೆ ಕರೆದೊಯ್ಯುವ ವಾಡಿಕೆಯೂ ಅಲ್ಲಿಗೆ ನಿಂತಿತು. ಮಾರ್ಚ್ 13ರಿಂದ ಪ್ರವಾಸಿಗಳ ವೀಸಾಗಳು ಅಮಾನತಿನಲ್ಲಿಡಲ್ಪಟ್ಟವು. 18ರಿಂದ ಸಂಯುಕ್ತ ಅರಬ್ ಸಂಸ್ಥಾನ, ಕತಾರ್, ಒಮಾನ್, ಕುವೈತ್‌ಗಳಿಂದ ಬಂದವರಿಗೆ ಹದಿನಾಲ್ಕು ದಿನಗಳ ಪ್ರತ್ಯೇಕವಾಸವು ವಿಧಿಸಲ್ಪಟ್ಟಿತು. 22ರಿಂದ ಅನ್ಯದೇಶಗಳ ಪ್ರಯಾಣಿಕವಿಮಾನಗಳು ನಿಂತವು. 25ರಿಂದ ದೇಶವೇ ಸ್ತಬ್ಧವಾಯಿತು.

ಈ ನಿಯಮಗಳ ಭಾಷೆಯಲ್ಲಿ ಪ್ರಧಾನವಾದ ಪದ 'ವಿದೇಶದಿಂದ ಬಂದವನು' ಎಂಬುದು. ಆದರೆ ಬಂಟ್ವಾಳ, ಬೆಳ್ತಂಗಡಿಗಳಲ್ಲಿ ವಿದೇಶದಿಂದ ಬಂದವನೆಂದರೆ ಯಾರು? ಕೊಲ್ಲಿರಾಜ್ಯಗಳಲ್ಲಿ ದುಡಿದು ಮನೆಗೆ ಹಣ ಕಳುಹುತ್ತಿದ್ದ ಮಗನೋ ಅಳಿಯನೋ. ಪರಕೀಯನಿಗಾಗಿ ಬರೆದ ವಿಧಿಯು ಸ್ವಕೀಯನ ಮೇಲೆ ಬಿದ್ದಿತು. ಮೇ 12ರಂದು ದುಬೈಯಿಂದ 170ಕ್ಕೂ ಹೆಚ್ಚು ಮಂದಿಯನ್ನು ಹೊತ್ತ ವಿಶೇಷವಿಮಾನವು ಬಜಪೆಗೆ ಬಂದಾಗ, ಅದರಲ್ಲಿದ್ದವರು ಗರ್ಭಿಣಿಯರು, ರೋಗಿಗಳು, ವೃದ್ಧರು, ಕೆಲಸ ಕಳೆದುಕೊಂಡವರು. ಅವರು ಊರನ್ನು ಕಂಡರೂ ಮನೆಯನ್ನು ಕಾಣಲಿಲ್ಲ. ನಿಯತವಾದ ವಸತಿಗಳಿಗೆ ಒಯ್ಯಲ್ಪಟ್ಟರು. ಅವರಲ್ಲಿ ಹಲವರಿಗೆ ಸೋಂಕು ಇದ್ದುದು ಅನಂತರ ಗೊತ್ತಾಯಿತು. ಆದ್ದರಿಂದ ನಿಯಮವು ನಿರರ್ಥಕವಾಗಿತ್ತೆಂದು ಹೇಳಲಾಗದು. ಅದರಿಂದಾದ ದುಃಖವು ಅಲ್ಪವೆಂದೂ ಹೇಳಲಾಗದು.

ರೋಗವು ಪರದೇಶದ ಬಾಗಿಲಿನಲ್ಲಿಯೇ ನಿಲ್ಲುವಂತಹದಲ್ಲವಾದುದರಿಂದ ಗಡಿಗಳು ಒಳಕ್ಕೆ ಸರಿದವು. ಮಾರ್ಚ್ ಅಂತ್ಯದಲ್ಲಿ ಬಂಟ್ವಾಳ ತಾಲ್ಲೂಕಿನ ಸಜಿಪನಡು ಗ್ರಾಮವು ನಿರ್ಬಂಧಕ್ಕೊಳಗಾಯಿತು. ಏಪ್ರಿಲ್ 19ರಂದು ಜಿಲ್ಲೆಯ ಮೊದಲ ಕೋವಿಡ್ ಮರಣವು ಸಂಭವಿಸಿದ ಮೇಲೆ ಬಂಟ್ವಾಳ ಕಸಬಾವೂ ಹಾಗೆಯೇ ಆಯಿತು. ನಿನ್ನೆಯವರೆಗೆ ಆಗಂತುಕನನ್ನು ಸಂಶಯದಿಂದ ನೋಡಿದ ಊರು ಇಂದು ನೆರೆಯ ಊರಿಗೆ ತಾನೇ ಆಗಂತುಕವಾಯಿತು.

ಎಲ್ಲಕ್ಕೂ ಕಠಿನವಾದ ಪ್ರಸಂಗವು ತಲಪಾಡಿಯದು. ಕಾಸರಗೋಡಿನ ಬಡಗಣ ಭಾಗದ ಜನರು, ಅವರಲ್ಲಿ ಕನ್ನಡಿಗರೂ ತುಳುವರೂ ಅನೇಕರು, ಚಿಕಿತ್ಸೆಗಾಗಿ ಬಹುಕಾಲದಿಂದ ಮಂಗಳೂರನ್ನೇ ನಂಬಿದವರು. ಕರ್ನಾಟಕವು ರಸ್ತೆಗಳಿಗೆ ಮಣ್ಣು ಸುರಿದು ಗಡಿಯನ್ನು ಮುಚ್ಚಿದಾಗ ರೋಗಿಗಳನ್ನು ತಂದ ವಾಹನಗಳೂ ನಿಂತವು. ಸಕಾಲದಲ್ಲಿ ಚಿಕಿತ್ಸೆಯಿಲ್ಲದೆ ಹಲವರು ಅಸುನೀಗಿದರು. ಕೇರಳದ ಉಚ್ಚ ನ್ಯಾಯಾಲಯವು 2020ರ ಏಪ್ರಿಲ್ 1ರಂದು, ರೋಗಿಗಳಿಗೆ ದಾರಿಯನ್ನು ತೆರೆಯಿಸಬೇಕೆಂದು ಕೇಂದ್ರಸರಕಾರಕ್ಕೆ ಆಜ್ಞಾಪಿಸಿತು. ವಿವಾದವು ಸರ್ವೋಚ್ಚ ನ್ಯಾಯಾಲಯಕ್ಕೆ ಹೋಗಿ, ತುರ್ತುರೋಗಿಗಳ ಪ್ರವೇಶಕ್ಕೆ ಒಂದು ಕ್ರಮವು ಒಪ್ಪಿತವಾಯಿತೆಂಬ ನಿವೇದನದೊಡನೆ 7ರಂದು ಮುಗಿಯಿತು. ಇಲ್ಲಿ ತಡೆಯಲ್ಪಟ್ಟವರಲ್ಲಿ ಅನೇಕರಿಗೆ ಆ ಸಾಂಕ್ರಾಮಿಕವೇ ಇರಲಿಲ್ಲ. ಹೃದ್ರೋಗವೋ ಮತ್ತೊಂದೋ ಇದ್ದಿತು. ಆಗಂತುವ್ಯಾಧಿಯನ್ನು ತಡೆಯಲು ಎದ್ದ ಗೋಡೆಯು ನಿಜವ್ಯಾಧಿಯಿಂದ ನೊಂದವನನ್ನು ಕೊಂದಿತೆಂದರೆ, ಅದು ಶಾಸ್ತ್ರದ ಪರಿಭಾಷೆಯಲ್ಲಿ ಪ್ರಜ್ಞಾಪರಾಧವಲ್ಲದೆ ಬೇರೆಯಲ್ಲ.

2021ರ ಫೆಬ್ರವರಿಯಲ್ಲಿ ಕೇರಳದಿಂದ ಬರುವವರ ಮೇಲೆ ಪುನಃ ನಿರ್ಬಂಧವು ಬಂದಿತು. ಆದರೆ ಅದರ ರೂಪವು ಬೇರೆ. ತಲಪಾಡಿ, ಬಂಟ್ವಾಳ ತಾಲ್ಲೂಕಿನ ಸಾರಡ್ಕ, ಸುಳ್ಯ ತಾಲ್ಲೂಕಿನ ಜಾಲ್ಸೂರು ಮೊದಲಾದ ನಿಯತ ದ್ವಾರಗಳಲ್ಲಿ, 72 ತಾಸುಗಳೊಳಗಿನ ಪರೀಕ್ಷಾಪತ್ರವನ್ನು ತೋರಿಸಿದವನಿಗೆ ಪ್ರವೇಶವಿತ್ತು. ಮಣ್ಣಿನ ರಾಶಿಯ ಸ್ಥಾನದಲ್ಲಿ ಮುದ್ರೆಯು ನಿಂತಿತು. ಪ್ರತಿದಿನ ಗಡಿ ದಾಟುವ ವಿದ್ಯಾರ್ಥಿಗಳಿಗೂ ಕೂಲಿಕಾರರಿಗೂ ಅದು ಕ್ಲೇಶಕರವಾಗಿದ್ದರೂ ಪ್ರಾಣಹರವಾಗಿರಲಿಲ್ಲ. ವಿದೇಶಪ್ರಯಾಣಿಕರ ವಿಷಯದಲ್ಲಿಯೂ ಇದೇ ಗತಿ ಕಾಣುತ್ತದೆ. 2020ರ ಮೇ 24ರ ಸೂಚನೆಯಲ್ಲಿ ಏಳು ದಿನ ಸ್ವವ್ಯಯದಿಂದ ನಿಯತವಸತಿಯಲ್ಲಿಯೂ ಏಳು ದಿನ ಮನೆಯಲ್ಲಿಯೂ ಇರಬೇಕಾಗಿತ್ತು. ಆಗಸ್ಟಿನಲ್ಲಿ 96 ತಾಸುಗಳೊಳಗಿನ ಪರೀಕ್ಷಾಪತ್ರದಿಂದ ನಿಯತವಸತಿಯ ವಿನಾಯಿತಿ ದೊರೆಯಿತು. ಮುಂದೆ ಆ ಕಾಲಮಾನವು 72 ತಾಸುಗಳಿಗೆ ಇಳಿಯಿತು. 2022ರ ಮಾರ್ಚ್ 27ರಂದು ವಿಮಾನಗಳು ಯಥಾಪೂರ್ವವಾಗಿ ಸಂಚರಿಸತೊಡಗಿದವು. ನವೆಂಬರಿನಲ್ಲಿ ಏರ್ ಸುವಿಧಾ ಎಂಬ ಘೋಷಣಾಪತ್ರವು ರದ್ದಾಯಿತು, ಪ್ರವಾಸಿಹಡಗುಗಳೂ ಪಣಂಬೂರಿಗೆ ಮರಳಿದವು. 2023ರ ಮೇ 5ರಂದು ತುರ್ತುಸ್ಥಿತಿಯು ಮುಗಿಯಿತೆಂದು ವಿಶ್ವ ಆರೋಗ್ಯ ಸಂಸ್ಥೆಯು ಸಾರಿತು.

ಮೇಲಿನ ಸಂಗತಿಗಳಿಂದ ಒಂದು ಕ್ರಮವು ವ್ಯಕ್ತವಾಗುವುದು. ಭಯವು ಪ್ರಬಲವಾಗಿಯೂ ಜ್ಞಾನವು ಅಲ್ಪವಾಗಿಯೂ ಇರುವಾಗ ನಿಯಮವು ಸ್ಥಾನವನ್ನು ಹಿಡಿಯುತ್ತದೆ. ಜ್ಞಾನವು ಬೆಳೆದಂತೆ ಅವಧಿಗೆ ಇಳಿಯುತ್ತದೆ. ಕೊನೆಗೆ ಮುದ್ರೆಯಲ್ಲಿ ನಿಲ್ಲುತ್ತದೆ. ಈ ಮೂರು ಮೆಟ್ಟಿಲುಗಳನ್ನು ಇಳಿಯಲು ಯೂರೋಪಿಗೆ ಶತಮಾನಗಳು ಬೇಕಾದವು. 2020ರಿಂದೀಚೆಗೆ ಎರಡು ವರ್ಷಗಳು ಸಾಕಾದವು. ಆದರೆ ಮೊದಲ ಮೆಟ್ಟಿಲಿನ ಮೇಲೆ ನಿಂತ ಕೆಲವೇ ದಿನಗಳಲ್ಲಿ ಹೋದ ಜೀವಗಳು ಮರಳಲಿಲ್ಲ. ಆದಕಾರಣ ಮುಂದೆ ಇಂತಹ ನಿಯಮವನ್ನು ಬರೆಯುವವರು ದ್ವಾರವನ್ನು ಮುಚ್ಚುವ ವಾಕ್ಯವನ್ನು ಬರೆಯುವಾಗಲೇ, ರೋಗಾರ್ತನಿಗೂ ಗರ್ಭಿಣಿಗೂ ಅದನ್ನು ತೆರೆಯುವ ವಾಕ್ಯವನ್ನೂ ಬರೆಯತಕ್ಕುದು. ಅದು ತಿದ್ದುಪಡಿಯಾಗಿ ಬರತಕ್ಕುದಲ್ಲ.

2024ರಲ್ಲಿ ಬೆಳ್ತಂಗಡಿ ತಾಲ್ಲೂಕಿನ ವೇಣೂರಿನಲ್ಲಿ, 1604ರಲ್ಲಿ ತಿಮ್ಮಣ್ಣ ಅಜಿಲನು ನಿಲ್ಲಿಸಿದ ಗೊಮ್ಮಟನಿಗೆ ಮಹಾಮಸ್ತಕಾಭಿಷೇಕವು ನೆರವೇರಿತು. ಆಗ ಯಾತ್ರಿಕರನ್ನು ಪರೀಕ್ಷಾಪತ್ರಕ್ಕಾಗಿ ತಡೆಯುವ ಕಟ್ಟೆಯು ಯಾವ ದಾರಿಯಲ್ಲಿಯೂ ಇರಲಿಲ್ಲ. ಆಗಂತುಕನು ಪುನಃ ಅತಿಥಿಯಾಗಿದ್ದನು.