ಅಜ್ಜಿ ಕೊಡಿಸಿದ ಬುಗುರಿಯ ಹಿಸ್ಟರಿ

ಫೋಟೋ 1
ಗಾಂಧಿ ಬಜಾರ್‌ನ ಮಾರಿ ಜಾತ್ರೆ ಅಂದ್ರೆ ನಂಗೆ ಮೊದಲು ನೆನಪಾಗೋದು ಅಜ್ಜಿ ಕೊಡಿಸಿದ ಈ ಮರದ ಬುಗುರಿ. ಕೆಂಪು, ಹಳದಿ, ಹಸಿರು ಪಟ್ಟೆ. ಬಣ್ಣ ಇನ್ನೂ ಹೋಗಿಲ್ಲ ನೋಡಿ. ಯಾಕೆ ಅಂತ ಗೊತ್ತಾಗಿದ್ದು ಹೋದ ತಿಂಗಳು.

ಫೋಟೋ 2
ಫ್ರೆಂಡ್ಸ್ ಜೊತೆ ರಾಮನಗರದ ಜಾನಪದ ಲೋಕಕ್ಕೆ ಹೋಗಿದ್ವಿ. ಎಚ್.ಎಲ್. ನಾಗೇಗೌಡರು ಕಟ್ಟಿ, 1994ರಲ್ಲಿ ಶುರುವಾದ ಮ್ಯೂಸಿಯಂ. ಒಳಗೆ ತೊಗಲು ಗೊಂಬೆಗಳು, ಮುಖವಾಡಗಳು, ಹಳೇ ಅಡುಗೆ ಮನೆ ಸಾಮಾನು. ಒಂದು ಕಾಲದಲ್ಲಿ ಜನರ ಕೈಯಲ್ಲಿ ಓಡಾಡಿದ ವಸ್ತುಗಳು ಈಗ ಸುಮ್ಮನೆ ಕೂತಿವೆ. ನೋಡೋಕೆ ಖುಷಿ, ಸ್ವಲ್ಪ ಬೇಜಾರು ಕೂಡ.

ಫೋಟೋ 3
ಅದೇ ಮೈಸೂರು ರೋಡಲ್ಲಿ ಸ್ವಲ್ಪ ಮುಂದೆ ಚನ್ನಪಟ್ಟಣ. ಅಲ್ಲಿ ಒಂದು ಚಿಕ್ಕ ಶೆಡ್‌ನಲ್ಲಿ ಬುಗುರಿ ಮಾಡೋದನ್ನ ಕಣ್ಣಾರೆ ನೋಡಿದ್ವಿ. ಒಣಗಿಸಿದ ಆಲೆ ಮರದ ತುಂಡನ್ನ ಲೇತ್‌ಗೆ ಸಿಕ್ಕಿಸಿ, ಉಳಿಯಿಂದ ಆಕಾರ ಕೊಡ್ತಾರೆ. ಆಮೇಲೆ ತಿರುಗ್ತಿರೋ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿ ಹಿಡೀತಾರೆ. ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೇ ಅಂಟಿಕೊಳ್ಳುತ್ತೆ. ಕೊನೆಗೆ ಗರಿಯಿಂದ ಉಜ್ಜಿದ್ರೆ ಹೊಳಪು. ಬ್ರಷ್ ಇಲ್ಲ, ಪೇಂಟ್ ಡಬ್ಬಿ ಇಲ್ಲ.

ಫೋಟೋ 4
ಇದು ಅಪ್ಪಟ ನಮ್ಮೂರ ಕಲೆ ಅಂದ್ಕೊಂಡಿದ್ದೆ. ಆದ್ರೆ ಟಿಪ್ಪು ಸುಲ್ತಾನ್ ಪರ್ಷಿಯಾದಿಂದ ಕುಶಲಕರ್ಮಿಗಳನ್ನ ಕರೆಸಿದ್ದ ಅನ್ನೋದು ಅಲ್ಲಿ ಎಲ್ಲರೂ ಹೇಳೋ ಕಥೆ. ಕಳೆದ ಶತಮಾನದ ಶುರುವಲ್ಲಿ ಬಾವಾಸ್ ಮಿಯಾನ್ ಅನ್ನೋರು ಜಪಾನಿನ ಗೊಂಬೆ ತಯಾರಿಕೆಯ ತಂತ್ರ ತಂದ್ರು ಅಂತಾರೆ. ಅಂದ್ರೆ ಹೊರಗಿನಿಂದ ಕಲೀತಾ, ಬದಲಾಗ್ತಾನೇ ಇದು ಉಳಿದಿದೆ.

ಫೋಟೋ 5
ಈಗ ಬಿಕಾಂ ವಿಷಯ 😅 2000ದ ನಂತರ ಚೀನಾದ ಅಗ್ಗದ ಪ್ಲಾಸ್ಟಿಕ್ ಆಟಿಕೆ ಬಂದು ಇವರ ವ್ಯಾಪಾರಕ್ಕೆ ದೊಡ್ಡ ಹೊಡೆತ ಬಿತ್ತು. 2005-06ರಲ್ಲಿ ಜಿಐ ಟ್ಯಾಗ್ ಸಿಕ್ತು. 2020ರ ಬಜೆಟ್‌ನಲ್ಲಿ ಆಟಿಕೆಗಳ ಆಮದು ಸುಂಕ ಶೇ 20ರಿಂದ ಶೇ 60ಕ್ಕೆ ಏರಿತು. ಕ್ಲಾಸಲ್ಲಿ ಇದನ್ನೆಲ್ಲ ಎರಡು ಮಾರ್ಕ್ಸ್‌ಗೆ ಓದಿದ್ದೆ. ಜಿಐ ಟ್ಯಾಗ್ ಹೆಸರನ್ನ ಕಾಪಾಡುತ್ತೆ, ಬೇರೆ ಊರಿನವರು "ಚನ್ನಪಟ್ಟಣದ್ದು" ಅಂತ ಮಾರೋ ಹಾಗಿಲ್ಲ. ಆದ್ರೆ ಲೇತ್ ಮುಂದೆ ಕೂರೋರು ಬೇಕಲ್ವಾ?

"ಅಂಕಲ್, ನಿಮ್ಮ ಮಗನೂ ಇದೇ ಕೆಲಸಾನಾ?" ಅಂತ ಕೇಳ್ದೆ.
"ಇಲ್ಲಮ್ಮ, ಬೆಂಗಳೂರಲ್ಲಿ ಡೆಲಿವರಿ ಕೆಲಸ. ಅಲ್ಲಿ ತಿಂಗಳಿಗೆ ದುಡ್ಡು ಗ್ಯಾರಂಟಿ" ಅಂದ್ರು. ಹೇಳ್ತಾ ಕೈ ನಿಲ್ಲಿಸಲಿಲ್ಲ.

ಐದು ನಿಮಿಷ ಮುಂಚೆ ಅವರ ಹತ್ರಾನೇ ಇಪ್ಪತ್ತು ರೂಪಾಯಿಗೆ ಚೌಕಾಸಿ ಮಾಡಿದ್ದೆ. ನಾಚಿಕೆ ಆಯ್ತು. ಪೂರ್ತಿ ದುಡ್ಡು ಕೊಟ್ಟು ಬಂದೆ.

ಫೋಟೋ 6
ಇದು ಹೊಸ ಬುಗುರಿ, ಅಕ್ಕನ ಮಗನಿಗೆ. ಮೊನ್ನೆ ಗಾಂಧಿ ಬಜಾರ್‌ನಲ್ಲಿ ಹುಡುಕಿದೆ, ಸುಮಾರು ಅಂಗಡಿ ಮುಂದೆ ನೇತಾಡ್ತಿದ್ದಿದ್ದು ಪ್ಲಾಸ್ಟಿಕ್ಕೇ. ಈ ಬುಗುರಿನೂ ಒಂದು ದಿನ ಮ್ಯೂಸಿಯಂನಲ್ಲಿ ಮಾತ್ರ ಸಿಗೋ ಹಾಗಾಗೋದು ಬೇಡ. ಅದು ಅಂಗಳದಲ್ಲಿ ತಿರುಗ್ತಿರಲಿ.

ನಿಮ್ಮ ಮನೇಲೂ ಚನ್ನಪಟ್ಟಣದ ಆಟಿಕೆ ಇದ್ಯಾ? ಫೋಟೋ ಹಾಕಿ, ಟ್ಯಾಗ್ ಮಾಡಿ. ಯಾರು ಕೊಡಿಸಿದ್ದು ಅಂತಾನೂ ಬರೀರಿ 🙏

#ಚನ್ನಪಟ್ಟಣ #ಬುಗುರಿ #ಜಾನಪದಲೋಕ #ಗಾಂಧಿಬಜಾರ್ #ಶಿವಮೊಗ್ಗ