ಅಡುಗೆಮನೆಗೆ ಟೇಪು ಹಿಡಿದಾಗ

1/4
ಹಿಸ್ಟರಿ ಪೇಜಲ್ಲಿ ಕಪಾಟಿನ ವಿಷ್ಯ ಯಾಕಪ್ಪಾ ಅಂತ ಮುಂದಕ್ಕೆ ಹೋಗ್ಬೇಡಿ, ಒಂದ್ನಿಮಿಷ ಇರಿ.

ಹೋದ ತಿಂಗಳು ನಮ್ಮ ಅಡುಗೆಮನೆಗೆ ಹೊಸ ಕಪಾಟು ಬಂತು. ಅಳತೆ ತೆಗೆದಿದ್ದು ನಾನೇ. ಸೊಂಟದೆತ್ತರಕ್ಕೆ ಒಂದ್ಸಲ ಟೇಪು ಹಿಡಿದೆ, 7 ಅಡಿ 2 ಇಂಚು, ವಾಟ್ಸಾಪ್‌ನಲ್ಲಿ ಕಳಿಸಿದೆ, ಮುಗೀತು. ಕೂರಿಸೋಕೆ ಹೋದ್ರೆ ಮೇಲ್ಗಡೆ ಸರಿಯಾಗಿದೆ, ಕೆಳಗಡೆ ಅರ್ಧ ಇಂಚು ಒಳಗೆ ಹೋಗ್ತಾನೇ ಇಲ್ಲ! ಕಾರ್ಪೆಂಟರ್ ಅಣ್ಣ ಗೋಡೆಗೆ ರಸಮಟ್ಟ ಹಿಡಿದು ತೋರಿಸಿದ್ರು. ಕೆಳಗೆ ಬರ್ತಾ ಬರ್ತಾ ಗೋಡೆ ಹೊಟ್ಟೆ ಬಿಟ್ಟಿದೆ. "ಮೇಲೆ, ಮಧ್ಯ, ಕೆಳಗೆ ಮೂರು ಕಡೆ ಅಳ್ದು, ಕಮ್ಮಿ ಇರೋದನ್ನ ಬರ್ಕೋಬೇಕಿತ್ತು ಮರಿ" ಅಂದ್ರು.

ಆ ಬೇಜಾರಲ್ಲಿ ಓದೋಕೆ ಶುರು ಮಾಡಿದ ಕಥೆ ಇದು.

2/4
1926, ಜರ್ಮನಿಯ ಫ್ರಾಂಕ್‌ಫರ್ಟ್. ಮೊದಲ ಮಹಾಯುದ್ಧ ಮುಗಿದ ಮೇಲೆ ಊರಲ್ಲಿ ಮನೆಗಳಿಗೆ ಬರ. ಅರ್ನ್ಸ್ಟ್ ಮೇ ಎಂಬ ವಾಸ್ತುಶಿಲ್ಪಿಯ ನೇತೃತ್ವದಲ್ಲಿ ನಗರಾಡಳಿತ ಸಾವಿರಾರು ಮನೆ ಕಟ್ಟಿಸ್ತಾ ಇತ್ತು. ಅಡುಗೆಮನೆಯ ವಿನ್ಯಾಸ ಮಾಡಿದ್ದು ವಿಯೆನ್ನಾದ ಮಾರ್ಗರೆಟೆ ಶ್ಯುಟೆ-ಲಿಹೋಟ್ಸ್ಕಿ. ಆಗ ಅವರಿಗೆ 29 ವರ್ಷ.

ಅಲ್ಲೀವರೆಗೆ ಕೋಣೆ ಕಟ್ಟೋರು ಒಬ್ರು, ಕಪಾಟು ತಂದಿಡೋರು ಇನ್ನೊಬ್ರು. ಹಿಡಿಸಿದ್ರೆ ಹಿಡಿಸ್ತು. ಇವರು ಕೋಣೆ, ಕಪಾಟು ಎರಡನ್ನೂ ಒಂದೇ ನಕ್ಷೆಯಲ್ಲಿ ಬರೆದರು. ಅಗಲ 1.9 ಮೀಟರ್, ಉದ್ದ 3.4 ಮೀಟರ್. ನಮ್ಮ ಲೆಕ್ಕದಲ್ಲಿ ಸುಮಾರು ಆರೂಕಾಲು ಅಡಿಗೆ ಹನ್ನೊಂದು ಅಡಿ, ಅಷ್ಟೇ! ಮಾದರಿ ಯಾವುದು ಗೊತ್ತಾ? ರೈಲಿನ ಊಟದ ಬೋಗಿಯ ಅಡುಗೆಮನೆ.

ಬರೀ ಗೋಡೆ ಅಳೆದು ಬಿಡಲಿಲ್ಲ. ಸ್ಟಾಪ್‌ವಾಚ್ ಹಿಡಿದು ಕೆಲಸದ ಹೊತ್ತು ಅಳೆದರು, ಒಲೆಯಿಂದ ಸಿಂಕಿಗೆ ಎಷ್ಟು ಹೆಜ್ಜೆ ಅಂತ ಲೆಕ್ಕ ಹಾಕಿದರು. ತರಕಾರಿ ಹೆಚ್ಚೋ ಮೇಜು ಕಿಟಕಿ ಪಕ್ಕ, ಕೂತು ಕೆಲಸ ಮಾಡೋಕೆ ತಿರುಗೋ ಸ್ಟೂಲು, ಮಡಚಿಡೋ ಇಸ್ತ್ರಿ ಹಲಗೆ, ಬೇಳೆಕಾಳಿಗೆ ಹೆಸರು ಬರೆದ ಅಲ್ಯೂಮಿನಿಯಂ ಡಬ್ಬಗಳು. ಹಿಟ್ಟಿನ ಡಬ್ಬ ಮಾತ್ರ ಓಕ್ ಮರದ್ದು, ಹುಳ ಬೀಳಬಾರದು ಅಂತ. (ನಮ್ಮಜ್ಜಿ ಅಕ್ಕಿಗೆ ಬೇವಿನೆಲೆ ಹಾಕೋದು ನೆನಪಾಯ್ತು.)

ಹೀಗೆ ಸುಮಾರು 10,000 ಅಡುಗೆಮನೆಗಳು ತಯಾರಾದವು. ಇವತ್ತಿನ ನಮ್ಮ ಮಾಡ್ಯುಲರ್ ಕಿಚನ್‌ನ ಅಜ್ಜಿ ಇದೇ.

3/4
ಅಳತೆ ಇಷ್ಟು ಕರಾರುವಾಕ್ಕಾಗಿದ್ರೂ ತಕರಾರು ಬಂತು. ಕೋಣೆ ಸರಿಯಾಗಿ ಒಬ್ಬರಿಗೆ ಅಳೆದಿದ್ದು, ಇನ್ನೊಬ್ರು ಬಂದ್ರೆ ಡಿಕ್ಕಿ. ಗಂಡನೋ ಮಕ್ಕಳೋ ಕೈ ಜೋಡಿಸೋಣ ಅಂದ್ರೂ ಜಾಗ ಇಲ್ಲ. ಹೆಂಗಸಿನ ಹೊತ್ತು ಉಳಿಸೋಕೆ ಮಾಡಿದ ಕೋಣೆ ಅವಳನ್ನೇ ಒಂಟಿಯಾಗಿ ಕೂರಿಸ್ತು ಅಂತ 1970ರ ದಶಕದ ಸ್ತ್ರೀವಾದಿಗಳು ಟೀಕಿಸಿದರು. ಶ್ಯುಟೆ-ಲಿಹೋಟ್ಸ್ಕಿ ಅವರೇ ಮುಪ್ಪಿನಲ್ಲಿ ಒಂದು ಮಾತು ಒಪ್ಪಿಕೊಂಡಿದ್ದರು: ಆ ಅಡುಗೆಮನೆ ರೂಪಿಸುವಾಗ ತಾನು ಸಂಸಾರ ನಡೆಸಿಯೂ ಇರಲಿಲ್ಲ, ಅಡುಗೆ ಮಾಡಿಯೂ ಇರಲಿಲ್ಲ ಅಂತ. ನನಗೆ ಟೀಕೆ ಸರಿ ಅನ್ಸುತ್ತೆ. ಆದ್ರೆ ಅವರನ್ನ ಬೈಯೋಕೂ ಮನಸ್ಸು ಬರಲ್ಲ. 1941ರಲ್ಲಿ ನಾತ್ಸಿಗಳ ವಿರುದ್ಧ ಗುಟ್ಟಾಗಿ ಕೆಲಸ ಮಾಡಿದ್ದಕ್ಕೆ ಸಿಕ್ಕಿಬಿದ್ದು, 1945ರವರೆಗೆ ಸೆರೆಮನೆಯಲ್ಲಿದ್ದವರು ಅವರು.

4/4
ಇನ್ನೊಂದು ತಮಾಷೆ. ಜರ್ಮನಿಯಲ್ಲಿ ಇವತ್ತಿಗೂ ಎಷ್ಟೋ ಬಾಡಿಗೆದಾರರು ಮನೆ ಬದಲಾಯಿಸುವಾಗ ಅಡುಗೆಮನೆಯ ಕಪಾಟುಗಳನ್ನೂ ಬಿಚ್ಚಿ ಜೊತೆಗೆ ಒಯ್ತಾರೆ. ಹೊಸ ಮನೆಯ ಗೋಡೆ ಬೇರೆ, ಮೂಲೆ ಬೇರೆ. ಮತ್ತೆ ಟೇಪು ಹಿಡೀಬೇಕು!

ನಿಮ್ಮನೇಲೂ ಕಪಾಟು ಮಾಡಿಸೋದಿದ್ರೆ ಅಗಲ, ಎತ್ತರ ಎರಡನ್ನೂ ಮೂರು ಮೂರು ಕಡೆ ಅಳೀರಿ. ಒಂದು ಮೂಲೆಯಿಂದ ಎದುರು ಮೂಲೆಗೆ ಓರೆಯಾಗಿ ಅಳೀರಿ, ಆಮೇಲೆ ಉಳಿದೆರಡು ಮೂಲೆಗೂ ಹಾಗೇ. ಎರಡೂ ಒಂದೇ ಬರ್ಲಿಲ್ಲ ಅಂದ್ರೆ ಕೋಣೆ ಸೊಟ್ಟ ಇದೆ ಅಂತ ಅರ್ಥ. ಸ್ವಿಚ್ ಬೋರ್ಡು, ಪೈಪು, ಕಿಟಕಿ ಚೌಕಟ್ಟು ಎಲ್ಲೆಲ್ಲಿದೆ ಅಂತ ಚಿತ್ರ ಬರೆದು ಗುರುತು ಹಾಕ್ಕೊಳ್ಳಿ.

ನಮ್ಮನೇಲಿ ಕೆಳಗಿನ ಅರ್ಧ ಇಂಚನ್ನ ಕೆತ್ತಿ ಕೂರಿಸಿದ್ದಾಯ್ತು. ಮೇಲಿನ ಖಾನೆ ಮಾತ್ರ ಅಮ್ಮನ ಕೈಗೆ ಎಟುಕ್ತಾ ಇಲ್ಲ. ಅಳತೆ ತೆಗೆಯೋ ದಿನ ಅಮ್ಮ ಅಲ್ಲೇ ಒಲೆ ಮುಂದೆ ನಿಂತಿದ್ರು. "ಒಂದ್ಸಲ ಕೈ ಎತ್ತಮ್ಮ" ಅಂತ ನಾನು ಕೇಳಿರ್ಲಿಲ್ಲ.