ಇ-ಸಿಗರೇಟಿನ ವಿದ್ಯುತ್ ಪೂರೈಕೆಯ ವಿಧಗಳು ಮತ್ತು ವ್ಯಾಟ್ ಪ್ರಮಾಣ

ಇ-ಸಿಗರೇಟಿನ ವ್ಯಾಟ್ ಪ್ರಮಾಣವೆಂದರೆ ಆ ಸಾಧನದೊಳಗಿನ ತಾಪಕ ಸುರುಳಿಯು ಪ್ರತಿ ಸೆಕೆಂಡಿಗೆ ಶಾಖವಾಗಿ ಪರಿವರ್ತಿಸುವ ವಿದ್ಯುತ್ ಶಕ್ತಿಯ ಅಳತೆ. ಬ್ಯಾಟರಿಯ ವಿದ್ಯುತ್ತು ಸುರುಳಿಗೆ ನೇರವಾಗಿ ಹರಿಯಬಹುದು, ನಿಯಂತ್ರಕದ ಮೂಲಕ ಏಕರೂಪದ ಪ್ರವಾಹವಾಗಿ ಹರಿಯಬಹುದು ಅಥವಾ ಬಿಟ್ಟು ಬಿಟ್ಟು ಬರುವ ಮಿಡಿತಗಳ ರೂಪದಲ್ಲಿ ಹರಿಯಬಹುದು. ಈ ಪೂರೈಕೆಯ ವಿಧವನ್ನು ಅನುಸರಿಸಿ ಸುರುಳಿಯಲ್ಲಿ ಉಂಟಾಗುವ ಶಾಖವೂ ಬದಲಾಗುತ್ತದೆ. ಆದುದರಿಂದ ಪರದೆಯ ಮೇಲೆ ಕಾಣುವ ಒಂದೇ ಅಂಕಿಯು ಎರಡು ಸಾಧನಗಳಲ್ಲಿ ಎರಡು ಬಗೆಯ ಶಾಖವನ್ನು ಸೂಚಿಸಬಹುದು. ಸೇದುವವರ ದೇಹವನ್ನು ಸೇರುವ ರಾಸಾಯನಿಕಗಳು, ಬ್ಯಾಟರಿಯ ಸುರಕ್ಷತೆ ಮತ್ತು ವೈಜ್ಞಾನಿಕ ಪ್ರಯೋಗಗಳ ಹೋಲಿಕೆ ಈ ವ್ಯತ್ಯಾಸವನ್ನು ಅವಲಂಬಿಸಿವೆ. ಇ-ಸಿಗರೇಟುಗಳ ಮಾರಾಟವನ್ನು ಕರ್ನಾಟಕ ಸರ್ಕಾರವು 2016ರಲ್ಲಿಯೂ ಭಾರತ ಸರ್ಕಾರವು 2019ರಲ್ಲಿಯೂ ನಿಷೇಧಿಸಿವೆ.

ರಚನೆ ಮತ್ತು ಮೂಲ ತತ್ತ್ವ

ಇಂದಿನ ಇ-ಸಿಗರೇಟಿನ ಮೂಲ ಕಲ್ಪನೆಯನ್ನು ಚೀನಾದ ಔಷಧಶಾಸ್ತ್ರಜ್ಞ ಹಾನ್ ಲಿಕ್ 2003ರಲ್ಲಿ ರೂಪಿಸಿದರು. ಸಾಮಾನ್ಯವಾಗಿ ಇದರಲ್ಲಿ ನಾಲ್ಕು ಭಾಗಗಳಿರುತ್ತವೆ: ಲಿಥಿಯಂ-ಅಯಾನ್ ಬ್ಯಾಟರಿ, ದ್ರವ ತುಂಬಿದ ಸಣ್ಣ ತೊಟ್ಟಿ, ದ್ರವವನ್ನು ಹೀರುವ ಬತ್ತಿ ಮತ್ತು ಬತ್ತಿಯನ್ನು ಸುತ್ತಿಕೊಂಡ ಲೋಹದ ಸುರುಳಿ. ದ್ರವದಲ್ಲಿ ಪ್ರೊಪಿಲೀನ್ ಗ್ಲೈಕಾಲ್, ಗ್ಲಿಸರಿನ್ ಮತ್ತು ಸುವಾಸನಾ ಪದಾರ್ಥಗಳಿರುತ್ತವೆ. ಹೆಚ್ಚಿನವುಗಳಲ್ಲಿ ನಿಕೋಟಿನ್ ಕೂಡ ಇರುತ್ತದೆ. ಸುರುಳಿ ಬಿಸಿಯಾದಾಗ ಬತ್ತಿಯಲ್ಲಿನ ದ್ರವವು ಆವಿಯಾಗಿ, ತಕ್ಷಣವೇ ತಣಿದು ಅತಿ ಸೂಕ್ಷ್ಮ ಹನಿಗಳ ಮಂಜಾಗುತ್ತದೆ. ರೂಢಿಯಲ್ಲಿ ಆವಿ ಎಂದು ಕರೆಯಲಾಗುವ ಇದು ವಾಸ್ತವವಾಗಿ ಏರೋಸಾಲ್.

ಸುರುಳಿಯಲ್ಲಿ ಶಾಖ ಉಂಟಾಗುವುದು ಪ್ರೌಢಶಾಲೆಯ ವಿಜ್ಞಾನ ಪಠ್ಯಗಳಲ್ಲಿ ಬರುವ ಜೌಲ್‌ನ ಉಷ್ಣೋತ್ಪಾದನಾ ನಿಯಮಕ್ಕೆ ಅನುಸಾರವಾಗಿ. ನೀರು ಕಾಯಿಸುವ ಕಾಯಿಲ್, ಇಸ್ತ್ರಿಪೆಟ್ಟಿಗೆ ಮತ್ತು ಹಳೆಯ ತಂತಿಬಲ್ಬು ಇದೇ ನಿಯಮದಂತೆ ಬಿಸಿಯಾಗುತ್ತವೆ. ಅದರ ಸೂತ್ರ ಹೀಗಿದೆ:

ಸಾಮರ್ಥ್ಯ (ವ್ಯಾಟ್) = ವೋಲ್ಟೇಜ್ × ವೋಲ್ಟೇಜ್ ÷ ರೋಧ (ಓಮ್)

ಇಲ್ಲಿ ವೋಲ್ಟೇಜು ತನ್ನಿಂದಲೇ ಗುಣಿಸಲ್ಪಡುತ್ತದೆ. ವೋಲ್ಟೇಜ್ ಎರಡು ಪಟ್ಟಾದರೆ ಶಾಖವು ನಾಲ್ಕು ಪಟ್ಟಾಗುತ್ತದೆ. ಪೂರೈಕೆಯ ವಿಧಗಳ ನಡುವಿನ ಹೆಚ್ಚಿನ ವ್ಯತ್ಯಾಸಗಳಿಗೆ ಈ ವರ್ಗಸಂಬಂಧವೇ ಕಾರಣ.

ಪೂರೈಕೆಯ ವಿಧಗಳು

ನೇರ ಪೂರೈಕೆ

ಈ ವಿಧದಲ್ಲಿ ಬ್ಯಾಟರಿ ಮತ್ತು ಸುರುಳಿಯ ನಡುವೆ ಒಂದು ಗುಂಡಿಯ ಹೊರತು ಬೇರೆ ನಿಯಂತ್ರಣವಿರುವುದಿಲ್ಲ. ಕೆಲವು ಸಾಧನಗಳಲ್ಲಿ ರಕ್ಷಣಾ ಮಂಡಲವಿದ್ದರೂ ವೋಲ್ಟೇಜ್ ಹೊಂದಿಸುವ ವ್ಯವಸ್ಥೆ ಇರುವುದಿಲ್ಲ. ಪೂರ್ತಿ ಚಾರ್ಜ್ ಆದ ಲಿಥಿಯಂ-ಅಯಾನ್ ಕೋಶದ ವೋಲ್ಟೇಜ್ 4.2. ಬಳಸಿದಂತೆ ಅದು 3.7ಕ್ಕೆ, ಮುಂದೆ 3.3ಕ್ಕೆ ಇಳಿಯುತ್ತದೆ. 0.5 ಓಮ್ ರೋಧದ ಸುರುಳಿಯಲ್ಲಿ ಇದರ ಪರಿಣಾಮ ಹೀಗಿರುತ್ತದೆ:

• 4.2 ವೋಲ್ಟ್: ಸುಮಾರು 35 ವ್ಯಾಟ್
• 3.7 ವೋಲ್ಟ್: ಸುಮಾರು 27 ವ್ಯಾಟ್
• 3.3 ವೋಲ್ಟ್: ಸುಮಾರು 22 ವ್ಯಾಟ್

ಇಲ್ಲಿ ವ್ಯಾಟ್ ಪ್ರಮಾಣವನ್ನು ಬಳಕೆದಾರರು ಹೊಂದಿಸಲಾಗದು. ಸುರುಳಿಯ ರೋಧ ಮತ್ತು ಬ್ಯಾಟರಿಯ ಆಗಿನ ಸ್ಥಿತಿಯೇ ಅದನ್ನು ನಿರ್ಧರಿಸುತ್ತವೆ.

ನಿಗದಿತ ವೋಲ್ಟೇಜ್

ಈ ವಿಧದಲ್ಲಿ ಬಳಕೆದಾರರು ವೋಲ್ಟೇಜನ್ನು ಆರಿಸುತ್ತಾರೆ. ಒಳಗಿನ ಪರಿವರ್ತಕ ಮಂಡಲವು ಬ್ಯಾಟರಿಯ ವೋಲ್ಟೇಜನ್ನು ಏರಿಸಿ ಅಥವಾ ಇಳಿಸಿ ಅದೇ ಮಟ್ಟದಲ್ಲಿ ಉಳಿಸುತ್ತದೆ. ಆದರೆ ಸುರುಳಿಯನ್ನು ಬದಲಿಸಿದರೆ ವ್ಯಾಟ್ ಪ್ರಮಾಣ ತಾನಾಗಿ ಬದಲಾಗುತ್ತದೆ. 4 ವೋಲ್ಟ್‌ಗೆ ಹೊಂದಿಸಿದ ಸಾಧನವು 2 ಓಮ್ ಸುರುಳಿಗೆ 8 ವ್ಯಾಟ್, 1 ಓಮ್ ಸುರುಳಿಗೆ 16 ವ್ಯಾಟ್, 0.5 ಓಮ್ ಸುರುಳಿಗೆ 32 ವ್ಯಾಟ್ ನೀಡುತ್ತದೆ.

ನಿಗದಿತ ವ್ಯಾಟ್

ಈ ವಿಧದಲ್ಲಿ ಬಳಕೆದಾರರು ವ್ಯಾಟ್ ಪ್ರಮಾಣವನ್ನು ಆರಿಸುತ್ತಾರೆ. ಸಾಧನದಲ್ಲಿರುವ ಚಿಪ್ ಸುರುಳಿಯ ರೋಧವನ್ನು ಅಳೆದು, ಬೇಕಾದ ವೋಲ್ಟೇಜನ್ನು ಲೆಕ್ಕಹಾಕಿ ಪೂರೈಸುತ್ತದೆ. 16 ವ್ಯಾಟ್ ಆರಿಸಿದರೆ 1 ಓಮ್ ಸುರುಳಿಗೆ 4 ವೋಲ್ಟ್, 0.5 ಓಮ್ ಸುರುಳಿಗೆ ಸುಮಾರು 2.8 ವೋಲ್ಟ್, 2 ಓಮ್ ಸುರುಳಿಗೆ ಸುಮಾರು 5.7 ವೋಲ್ಟ್ ದೊರೆಯುತ್ತದೆ. ರೋಧದ ಅಳತೆಯಲ್ಲಿ ತಪ್ಪಾದರೆ ಸುರುಳಿಗೆ ದೊರೆಯುವ ವ್ಯಾಟ್ ಕೂಡ ತಪ್ಪುತ್ತದೆ. ಕಡಿಮೆ ರೋಧದ ಸುರುಳಿಗಳಲ್ಲಿ ಒಂದು ಸಡಿಲ ಜೋಡಣೆಯೂ ಈ ತಪ್ಪಿಗೆ ಕಾರಣವಾಗಬಲ್ಲದು.

ಮಿಡಿತ ಪೂರೈಕೆ

ಈ ವಿಧದಲ್ಲಿ ವೋಲ್ಟೇಜು ನಿರಂತರವಾಗಿರದೆ, ಸೆಕೆಂಡಿಗೆ ಹಲವಾರು ಬಾರಿ ಪೂರ್ತಿಯಾಗಿ ಬಂದು ಪೂರ್ತಿಯಾಗಿ ನಿಲ್ಲುತ್ತದೆ. ಬಂದಿರುವ ಕಾಲ ಮತ್ತು ನಿಂತಿರುವ ಕಾಲದ ಅನುಪಾತವನ್ನು ಬದಲಿಸಿ ಶಾಖವನ್ನು ಹೆಚ್ಚು ಕಡಿಮೆ ಮಾಡಲಾಗುತ್ತದೆ. ಇದನ್ನು ಮಿಡಿತದ ಅಗಲದ ನಿಯಂತ್ರಣ ಅಥವಾ ಪಿಡಬ್ಲ್ಯುಎಂ ಎನ್ನುತ್ತಾರೆ. ಸರಳ ಮತ್ತು ಅಗ್ಗದ ವಿಧಾನವಾದ ಇದನ್ನು ಆರಂಭದ ಹಲವು ನಿಯಂತ್ರಿತ ಸಾಧನಗಳಲ್ಲಿ ಬಳಸಲಾಯಿತು. ಪರದೆಯ ಅಂಕಿಗೂ ನಿಜವಾದ ಶಾಖಕ್ಕೂ ನಡುವೆ ಹೆಚ್ಚಿನ ಅಂತರ ಕಂಡುಬಂದುದು ಈ ವಿಧದಲ್ಲಿ.

ತಾಪ ನಿಯಂತ್ರಣ

ನಿಕಲ್, ಟೈಟಾನಿಯಂ ಮತ್ತು ಸ್ಟೇನ್‌ಲೆಸ್ ಸ್ಟೀಲ್ ತಂತಿಗಳು ಬಿಸಿಯಾದಂತೆ ಅವುಗಳ ರೋಧ ಹೆಚ್ಚುತ್ತದೆ. ಈ ಹೆಚ್ಚಳವನ್ನು ಅಳೆದು ಚಿಪ್ ಸುರುಳಿಯ ತಾಪವನ್ನು ಅಂದಾಜು ಮಾಡುತ್ತದೆ ಮತ್ತು ನಿಗದಿತ ತಾಪ ತಲುಪಿದೊಡನೆ ಪೂರೈಕೆಯನ್ನು ತಗ್ಗಿಸುತ್ತದೆ. ಈ ವಿಧದಲ್ಲಿ ಆರಿಸಿದ ವ್ಯಾಟ್ ಪ್ರಮಾಣವು ಗರಿಷ್ಠ ಮಿತಿ ಮಾತ್ರ. ಸುರುಳಿ ಎಷ್ಟು ಬೇಗ ಬಿಸಿಯಾಗಬೇಕೆಂಬುದನ್ನು ಅದು ತಿಳಿಸುತ್ತದೆ. ನೈಕ್ರೋಮ್ ಮತ್ತು ಕಾಂಥಾಲ್ ತಂತಿಗಳ ರೋಧವು ತಾಪದೊಂದಿಗೆ ಬಹಳ ಕಡಿಮೆ ಬದಲಾಗುವುದರಿಂದ ಸಾಮಾನ್ಯವಾಗಿ ಅವು ಈ ವಿಧಕ್ಕೆ ಹೊಂದುವುದಿಲ್ಲ. ಒಂದು ಲೋಹದ ಸುರುಳಿ ಇಟ್ಟು ಮತ್ತೊಂದು ಲೋಹದ ಹೊಂದಿಕೆ ಆರಿಸಿದರೆ ತಾಪದ ಅಂದಾಜೇ ತಪ್ಪಾಗುತ್ತದೆ.

ಸರಾಸರಿ ವೋಲ್ಟೇಜ್ ಮತ್ತು ಆರ್‌ಎಂಎಸ್ ವೋಲ್ಟೇಜ್

ಮಿಡಿತ ಪೂರೈಕೆಯನ್ನು ಎರಡು ರೀತಿಯಲ್ಲಿ ಅಳೆಯಬಹುದು. ಮೊದಲನೆಯದು ಸಾಮಾನ್ಯ ಸರಾಸರಿ. ಎರಡನೆಯದರಲ್ಲಿ ಪ್ರತಿ ಕ್ಷಣದ ವೋಲ್ಟೇಜನ್ನು ವರ್ಗಗೊಳಿಸಿ, ಆ ವರ್ಗಗಳ ಸರಾಸರಿ ತೆಗೆದು, ಬಳಿಕ ಅದರ ವರ್ಗಮೂಲವನ್ನು ಕಂಡುಹಿಡಿಯಲಾಗುತ್ತದೆ. ಇದೇ ಆರ್‌ಎಂಎಸ್ ವೋಲ್ಟೇಜ್. ಶಾಖವು ವೋಲ್ಟೇಜಿನ ವರ್ಗವನ್ನು ಅನುಸರಿಸುವುದರಿಂದ ಸುರುಳಿಯ ನಿಜವಾದ ಶಾಖವನ್ನು ತಿಳಿಸುವುದು ಎರಡನೆಯ ಅಳತೆ.

ಒಂದು ಉದಾಹರಣೆ: ಮಿಡಿತದ ಎತ್ತರ 6 ವೋಲ್ಟ್, ಸುರುಳಿಯ ರೋಧ 2 ಓಮ್, ಮತ್ತು ಒಟ್ಟು ಕಾಲದ ಮೂರರಲ್ಲಿ ಎರಡು ಭಾಗ ವಿದ್ಯುತ್ ಹರಿಯುತ್ತದೆ ಎಂದಿಟ್ಟುಕೊಂಡರೆ,

• ಸರಾಸರಿ ವೋಲ್ಟೇಜ್ 4. ಇದರಂತೆ ಲೆಕ್ಕ ಹಾಕಿದರೆ 8 ವ್ಯಾಟ್.
• ಆರ್‌ಎಂಎಸ್ ವೋಲ್ಟೇಜ್ ಸುಮಾರು 4.9. ಇದರಂತೆ ಲೆಕ್ಕ ಹಾಕಿದರೆ 12 ವ್ಯಾಟ್.

ವಿದ್ಯುತ್ ಹರಿಯುವಾಗ ಸುರುಳಿಯಲ್ಲಿ 18 ವ್ಯಾಟ್ ಶಾಖವಿರುತ್ತದೆ. ಅದು ಮೂರರಲ್ಲಿ ಎರಡು ಭಾಗ ಕಾಲ ಮಾತ್ರ ಇರುವುದರಿಂದ ಒಟ್ಟು 12 ವ್ಯಾಟ್ ಆಗುತ್ತದೆ. ಸರಾಸರಿಯನ್ನು ನಂಬಿದ ಸಾಧನವು ಪರದೆಯ ಮೇಲೆ 8 ಎಂದು ತೋರಿಸುತ್ತಾ ಒಂದೂವರೆ ಪಟ್ಟು ಶಾಖವನ್ನು ನೀಡುತ್ತದೆ. ಏಕರೂಪದ ಪೂರೈಕೆಯಲ್ಲಿ ಎರಡು ಅಳತೆಗಳೂ ಒಂದೇ ಆಗಿರುವುದರಿಂದ ಈ ಅಂತರ ಉಂಟಾಗುವುದಿಲ್ಲ.

ಈ ವ್ಯತ್ಯಾಸವು ಇ-ಸಿಗರೇಟಿಗೆ ಮಾತ್ರ ಸೀಮಿತವಲ್ಲ. ಮನೆಗೆ ಬರುವ 230 ವೋಲ್ಟ್ ವಿದ್ಯುತ್ ಎಂಬುದು ಆರ್‌ಎಂಎಸ್ ಅಳತೆ. ಅದರ ತುತ್ತತುದಿ ಸುಮಾರು 325 ವೋಲ್ಟ್. ಹಾವೇರಿ ಜಿಲ್ಲೆಯ ಕದರಮಂಡಲಗಿಯಂತಹ ಊರುಗಳಲ್ಲಿ ಕರೆಂಟು ಹೋದಾಗ ಮನೆಗಳಲ್ಲಿ ಬಳಸುವ ಇನ್ವರ್ಟರುಗಳಲ್ಲಿಯೂ ಚೌಕ ಅಲೆ ಮತ್ತು ಸೈನ್ ಅಲೆ ಎಂಬ ಎರಡು ವಿಧಗಳಿವೆ. ಅಗ್ಗದ ಮಲ್ಟಿಮೀಟರುಗಳು ಸೈನ್ ಅಲೆಗೆ ಹೊಂದುವಂತೆ ತಯಾರಾಗಿರುವುದರಿಂದ ಬೇರೆ ಆಕಾರದ ಅಲೆಗಳ ವೋಲ್ಟೇಜನ್ನು ತಪ್ಪಾಗಿ ತೋರಿಸುತ್ತವೆ. ಎರಡು ಸಂದರ್ಭಗಳಲ್ಲಿಯೂ ಅಲೆಯ ಆಕಾರವನ್ನು ತಿಳಿಯದೆ ಅಂಕಿಯನ್ನು ಮಾತ್ರ ನಂಬಲಾಗದು.

ಬ್ಯಾಟರಿಯ ಮೇಲಿನ ಹೊರೆ

ನೇರ ಪೂರೈಕೆಯಲ್ಲಿ ಬ್ಯಾಟರಿ ಬರಿದಾದಂತೆ ಅದರಿಂದ ಹರಿಯುವ ಪ್ರವಾಹವೂ ಕಡಿಮೆಯಾಗುತ್ತದೆ. ನಿಗದಿತ ವ್ಯಾಟ್ ವಿಧದಲ್ಲಿ ಇದು ತಿರುವುಮುರುವಾಗುತ್ತದೆ. ಸುರುಳಿಗೆ ಅಷ್ಟೇ ವ್ಯಾಟ್ ತಲುಪಿಸಲು ಚಿಪ್ ಬರಿದಾಗುತ್ತಿರುವ ಬ್ಯಾಟರಿಯಿಂದ ಹೆಚ್ಚು ಪ್ರವಾಹವನ್ನು ಸೆಳೆಯುತ್ತದೆ. ಶೇಕಡ 90 ದಕ್ಷತೆಯ ಒಂದೇ ಕೋಶದ ಸಾಧನವನ್ನು 60 ವ್ಯಾಟ್‌ಗೆ ಹೊಂದಿಸಿದರೆ, 4.2 ವೋಲ್ಟ್ ಇರುವಾಗ ಸುಮಾರು 16 ಆಂಪಿಯರ್, 3.2 ವೋಲ್ಟ್‌ಗೆ ಇಳಿದಾಗ ಸುಮಾರು 21 ಆಂಪಿಯರ್ ಹರಿಯುತ್ತದೆ. ಈ ಲೆಕ್ಕದಲ್ಲಿ ಸುರುಳಿಯ ರೋಧಕ್ಕೆ ಸ್ಥಾನವಿಲ್ಲ.

ಈ ಸಾಧನಗಳಲ್ಲಿ ಹೆಚ್ಚಾಗಿ ಬಳಕೆಯಾಗುವ 18650 ಕೋಶವು 18 ಮಿಲಿಮೀಟರ್ ವ್ಯಾಸ, 65 ಮಿಲಿಮೀಟರ್ ಉದ್ದ ಹೊಂದಿರುತ್ತದೆ. ಹೆಚ್ಚಿನ ಪ್ರವಾಹಕ್ಕೆಂದೇ ತಯಾರಾದ ಇಂತಹ ಕೋಶಗಳ ಮಿತಿಯೂ ಸಾಮಾನ್ಯವಾಗಿ 20ರಿಂದ 30 ಆಂಪಿಯರ್‌ಗಳ ಆಸುಪಾಸಿನಲ್ಲಿರುತ್ತದೆ. ರಕ್ಷಣಾ ಮಂಡಲವಿಲ್ಲದ ನೇರ ಪೂರೈಕೆಯ ಸಾಧನದಲ್ಲಿ 0.1 ಓಮ್ ಸುರುಳಿ ಇಟ್ಟರೆ ಲೆಕ್ಕದ ಪ್ರಕಾರ 42 ಆಂಪಿಯರ್ ಹರಿಯಬೇಕಾಗುತ್ತದೆ. ಮಿತಿ ಮೀರಿದ ಪ್ರವಾಹ, ಒಳಗಿನ ಶಾರ್ಟ್ ಸರ್ಕ್ಯೂಟ್ ಅಥವಾ ಹರಿದ ಹೊದಿಕೆಯಿಂದ ಕೋಶವು ಅತಿಯಾಗಿ ಬಿಸಿಯಾಗಿ ಸಿಡಿಯುವ ಅಪಾಯವಿದೆ. ಅಮೆರಿಕದ ಫ್ಲಾರಿಡಾದಲ್ಲಿ 2018ರ ಮೇ ತಿಂಗಳಲ್ಲಿ ಮತ್ತು ಟೆಕ್ಸಾಸ್‌ನಲ್ಲಿ 2019ರ ಜನವರಿಯಲ್ಲಿ ಇ-ಸಿಗರೇಟು ಸ್ಫೋಟಗೊಂಡು ತಲಾ ಒಬ್ಬರು ಮೃತಪಟ್ಟರು.

ಏರೋಸಾಲಿನ ಮೇಲಿನ ಪರಿಣಾಮ

ಪ್ರೊಪಿಲೀನ್ ಗ್ಲೈಕಾಲ್ ಸುಮಾರು 188 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಗ್ಲಿಸರಿನ್ ಸುಮಾರು 290 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ. ಬತ್ತಿ ಒದ್ದೆಯಾಗಿರುವಷ್ಟು ಹೊತ್ತು ಶಾಖದ ಬಹುಭಾಗ ದ್ರವವನ್ನು ಆವಿಯಾಗಿಸುವುದರಲ್ಲಿ ವ್ಯಯವಾಗುತ್ತದೆ. ಬತ್ತಿಯು ದ್ರವವನ್ನು ಹೀರುವ ವೇಗಕ್ಕಿಂತ ಆವಿಯಾಗುವ ವೇಗ ಹೆಚ್ಚಾದರೆ ಬತ್ತಿ ಒಣಗಿ, ಸುರುಳಿಯ ತಾಪ ಥಟ್ಟನೆ ಏರುತ್ತದೆ. ಆಗ ದ್ರವದ ಅಣುಗಳು ಒಡೆದು ಫಾರ್ಮಾಲ್ಡಿಹೈಡ್, ಅಸಿಟಾಲ್ಡಿಹೈಡ್ ಮತ್ತು ಅಕ್ರೋಲಿನ್‌ನಂತಹ ಹಾನಿಕಾರಕ ವಸ್ತುಗಳು ಉಂಟಾಗುತ್ತವೆ. ಹದವಾದ ಉರಿಯಲ್ಲಿ ಘಮ್ಮೆನ್ನುವ ಬ್ಯಾಡಗಿ ಮೆಣಸಿನಕಾಯಿ ಉರಿ ಹೆಚ್ಚಾದೊಡನೆ ಸೀದು ಘಾಟೆಬ್ಬಿಸುವಂತೆ, ಇಲ್ಲಿಯೂ ಒಂದು ಮಿತಿ ದಾಟಿದ ಬಳಿಕ ಬದಲಾವಣೆ ತೀವ್ರವಾಗಿರುತ್ತದೆ. ಮಿತಿಯ ಕೆಳಗಿನ ಏರೋಸಾಲ್ ನಿರಪಾಯಕಾರಿ ಎಂದು ಇದರ ಅರ್ಥವಲ್ಲ. ವ್ಯಸನಕ್ಕೆ ಕಾರಣವಾಗುವ ನಿಕೋಟಿನ್ ಅದರಲ್ಲಿಯೂ ಇರುತ್ತದೆ, ಮತ್ತು ಸಾಮಾನ್ಯವಾಗಿ ವ್ಯಾಟ್ ಹೆಚ್ಚಿದಂತೆ ಪ್ರತಿ ಸೆಳೆತದಲ್ಲಿ ದೊರೆಯುವ ನಿಕೋಟಿನ್ ಕೂಡ ಹೆಚ್ಚುತ್ತದೆ.

2014ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ವೋಲ್ಟೇಜನ್ನು 3.2ರಿಂದ 4.8ಕ್ಕೆ ಏರಿಸಿದಾಗ ಫಾರ್ಮಾಲ್ಡಿಹೈಡ್ ಮತ್ತು ಅದೇ ಗುಂಪಿನ ವಸ್ತುಗಳ ಪ್ರಮಾಣ 4 ಪಟ್ಟಿನಿಂದ 200 ಪಟ್ಟಿಗೂ ಮೀರಿ ಹೆಚ್ಚಿತು. ಸುರುಳಿ ಅದೇ ಆಗಿದ್ದರೆ ಈ ಏರಿಕೆಯಿಂದ ವ್ಯಾಟ್ ಪ್ರಮಾಣ ಹೆಚ್ಚುವುದು ಎರಡೂಕಾಲು ಪಟ್ಟು ಮಾತ್ರ. ಪೋರ್ಟ್‌ಲ್ಯಾಂಡ್ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಪತ್ರಿಕೆಯಲ್ಲಿ ಪ್ರಕಟಿಸಿದ ಬರಹದಂತೆ, 3.3 ವೋಲ್ಟ್‌ನಲ್ಲಿ ಕಾಣದ ಫಾರ್ಮಾಲ್ಡಿಹೈಡ್-ಬಿಡುಗಡೆ ಸಂಯುಕ್ತಗಳು 5 ವೋಲ್ಟ್‌ನಲ್ಲಿ ಕಂಡುಬಂದವು. ಬಳಸಿದ ಸುರುಳಿಗೆ 5 ವೋಲ್ಟ್ ಅತಿಯಾಯಿತು, ಯಾರೂ ಸೇದಲಾರದ ಒಣ ಸೆಳೆತದ ಸ್ಥಿತಿ ಅದು ಎಂಬ ಆಕ್ಷೇಪವನ್ನು ಇತರ ಸಂಶೋಧಕರು ಎತ್ತಿದರು. ವೋಲ್ಟೇಜ್ ಒಂದನ್ನೇ ತಿಳಿಸಿದರೆ ಫಲಿತಾಂಶಗಳನ್ನು ಹೋಲಿಸಲಾಗದು; ರೋಧ, ಪೂರೈಕೆಯ ವಿಧ, ಸೆಳೆತದ ಅವಧಿ ಮತ್ತು ಬತ್ತಿಯ ಸ್ಥಿತಿಯನ್ನೂ ತಿಳಿಸಬೇಕು ಎಂಬುದು ಈ ಚರ್ಚೆಯಿಂದ ಸ್ಪಷ್ಟವಾಗುತ್ತದೆ.

ಕರ್ನಾಟಕ ಮತ್ತು ಭಾರತದಲ್ಲಿ ಕಾನೂನು

ಕರ್ನಾಟಕ ಸರ್ಕಾರವು 2016ರ ಜೂನ್ ತಿಂಗಳಲ್ಲಿ ರಾಜ್ಯದಲ್ಲಿ ಇ-ಸಿಗರೇಟುಗಳ ಉತ್ಪಾದನೆ ಮತ್ತು ಮಾರಾಟವನ್ನು ನಿಷೇಧಿಸಿತು. ಕೇಂದ್ರ ಸರ್ಕಾರವು 2019ರ ಸೆಪ್ಟೆಂಬರ್ 18ರಂದು ಸುಗ್ರೀವಾಜ್ಞೆ ಹೊರಡಿಸಿತು. ಸಂಸತ್ತಿನ ಅನುಮೋದನೆಯ ನಂತರ, ಅದೇ ವರ್ಷದ ಡಿಸೆಂಬರ್ 5ರಂದು ರಾಷ್ಟ್ರಪತಿಗಳ ಅಂಕಿತದೊಂದಿಗೆ ಅದು ಕಾಯ್ದೆಯಾಯಿತು.

ಒಂದು ವಸ್ತುವನ್ನು ಬಿಸಿ ಮಾಡಿ, ಸೇದಲು ಏರೋಸಾಲ್ ಉಂಟುಮಾಡುವ ವಿದ್ಯುನ್ಮಾನ ಸಾಧನವನ್ನು ಕಾಯ್ದೆಯು ಇ-ಸಿಗರೇಟು ಎಂದು ಪರಿಗಣಿಸುತ್ತದೆ. ಆ ವಸ್ತುವಿನಲ್ಲಿ ನಿಕೋಟಿನ್ ಇರಲಿ, ಇಲ್ಲದಿರಲಿ, ಸಾಧನದ ಆಕಾರ ಯಾವುದೇ ಇರಲಿ, ನಿಷೇಧ ಅನ್ವಯಿಸುತ್ತದೆ. ಇ-ಹುಕ್ಕಾ ಕೂಡ ಇದರಲ್ಲಿ ಸೇರಿದೆ. ವ್ಯಾಟ್ ಪ್ರಮಾಣ ಅಥವಾ ಪೂರೈಕೆಯ ವಿಧವನ್ನು ಆಧರಿಸಿ ಯಾವ ವಿನಾಯಿತಿಯೂ ಇಲ್ಲ. ಶಿಕ್ಷೆಯ ವಿವರ ಹೀಗಿದೆ:

• ಉತ್ಪಾದನೆ, ಆಮದು, ರಫ್ತು, ಸಾಗಣೆ, ಮಾರಾಟ, ವಿತರಣೆ ಮತ್ತು ಜಾಹೀರಾತು: ಮೊದಲ ಅಪರಾಧಕ್ಕೆ ಒಂದು ವರ್ಷದವರೆಗೆ ಸೆರೆವಾಸ ಅಥವಾ 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ; ಪುನರಾವರ್ತಿಸಿದರೆ 3 ವರ್ಷಗಳವರೆಗೆ ಸೆರೆವಾಸ ಮತ್ತು 5 ಲಕ್ಷ ರೂಪಾಯಿವರೆಗೆ ದಂಡ.
• ದಾಸ್ತಾನು: 6 ತಿಂಗಳವರೆಗೆ ಸೆರೆವಾಸ ಅಥವಾ 50,000 ರೂಪಾಯಿವರೆಗೆ ದಂಡ ಅಥವಾ ಎರಡೂ.

ಭಾರತದಲ್ಲಿ ಈ ಸಾಧನಗಳು ಕಾನೂನುಬದ್ಧವಾಗಿ ಮಾರಾಟವಾಗದ ಕಾರಣ ಕಳ್ಳದಾರಿಯಲ್ಲಿ ದೊರೆಯುವ ಸಾಧನಗಳ ಪರದೆಯ ಅಂಕಿ, ಬ್ಯಾಟರಿಯ ಗುಣಮಟ್ಟ ಮತ್ತು ದ್ರವದ ಘಟಕಗಳಿಗೆ ಯಾವ ಅಧಿಕೃತ ಪರೀಕ್ಷೆಯ ಖಾತರಿಯೂ ಇರುವುದಿಲ್ಲ. ತಂಬಾಕಿನ ಚಟದಿಂದ ಹೊರಬರಲು ಬಯಸುವವರಿಗೆ ರಾಷ್ಟ್ರೀಯ ತಂಬಾಕು ತ್ಯಜಿಸುವ ಸಹಾಯವಾಣಿ 1800-11-2356 ಉಚಿತವಾಗಿ ಲಭ್ಯವಿದೆ. ಇದರ ದಕ್ಷಿಣ ಭಾರತದ ಪ್ರಾದೇಶಿಕ ಕೇಂದ್ರವು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿದೆ.